ಮೈದಾ ಹಿಟ್ಟಿನ ಪಳೆಯುಳಿಕೆ

ಸಿನಿಮಾಕ್ಕೆ ವಿಮರ್ಶೆ ಇದೆ, ಕಾದಂಬರಿಗೆ ಇದೆ, ಈಗೀಗ ಮೈಸೂರಿನ ಯಾವ ಹೋಟೆಲಿನ ದೋಸೆ ಎಷ್ಟು ಗರಿಗರಿ ಅನ್ನೋದಕ್ಕೂ ಇದೆ. ಆದರೆ ಬೇಸಿಗೆ ರಜೆ ಬಂತು ಅಂದ್ರೆ ಮನೆಮನೆಯ ಡೈನಿಂಗ್ ಟೇಬಲ್ ಮೇಲೆ ತಯಾರಾಗೋ ಒಂದು ಕಲೆಗೆ ಯಾರೂ ವಿಮರ್ಶೆ ಬರೆದಿದ್ದನ್ನ ನಾನಂತೂ ನೋಡಿಲ್ಲ. ಅದು ನಕಲಿ ಪಳೆಯುಳಿಕೆ ಮಾಡೋ ಕಲೆ. ಮೈದಾ, ಉಪ್ಪು, ನೀರು ಕಲಸಿ, ಅದರ ಮೇಲೆ ಒಂದು ಪ್ಲಾಸ್ಟಿಕ್ ಡೈನೋಸಾರ್ ಒತ್ತಿ, ಒಣಗಿಸಿ, ಕಾಫಿ ಡಿಕಾಕ್ಷನ್ ಬಳಿದು, "ಆರೂವರೆ ಕೋಟಿ ವರ್ಷ ಹಳೇದು" ಅಂತ ಫೋಟೋ ಹಾಕೋದು. ನಮ್ಮ ಸರಸ್ವತಿಪುರಂನಲ್ಲಿ ಈ ಏಪ್ರಿಲ್-ಮೇ ತಿಂಗಳಲ್ಲಿ ಇದರ ಹಾವಳಿ ಎಷ್ಟಿತ್ತು ಅಂದ್ರೆ, ನಮ್ಮ ಕ್ರಾಸ್‌ನ ನಾಲ್ಕು ಮನೆ ತಾರಸಿ ಮೇಲೆ ಹಪ್ಪಳದ ಪಕ್ಕದಲ್ಲೇ ಡೈನೋಸಾರ್‌ಗಳೂ ಒಣಗ್ತಿದ್ದವು.

"ಮಕ್ಕಳ ಆಟಕ್ಕೆಲ್ಲ ವಿಮರ್ಶೆ ಯಾಕಪ್ಪಾ, ಆಡ್ಕೊಳ್ಲಿ ಬಿಡು" ಅಂತ ನೀವು ಹೇಳಬಹುದು. ಆಡ್ಕೊಳ್ಲಿ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಇದಕ್ಕೆ ಸಾಮಾನು ತಂದುಕೊಡೋರು, ವಿಡಿಯೋ ನೋಡಿ ಹೇಳಿಕೊಡೋರು, ಕೊನೆಗೆ ಫೋಟೋ ಹಾಕೋರು ದೊಡ್ಡವರು. ನಮ್ಮ ವಯಸ್ಸಿನವರು. ಆದ್ದರಿಂದ ವಿಮರ್ಶೆಯೂ ನಮ್ಮ ಮೇಲೇ. ಒಂದು ವಸ್ತು ತಾನು ಅಲ್ಲದ್ದನ್ನ ಹೋಲೋ ಹಾಗೆ ಮಾಡೋದನ್ನ ಮಗುವಿಗೆ ಕಲಿಸ್ತೀವಿ ಅಂದ್ರೆ ಅದು ಸಣ್ಣ ವಿಷಯ ಅಲ್ಲ. ಚೆನ್ನಾಗಿ ಕಲಿಸಿದ್ರೆ ಅದೇ ವಿಜ್ಞಾನ. ಕೆಟ್ಟದಾಗಿ ಕಲಿಸಿದ್ರೆ ಏನಾಗುತ್ತೆ ಅನ್ನೋದಕ್ಕೆ ಆಮೇಲೆ ಬರ್ತೀನಿ.

ಮೊದಲು ಕಿಟ್ಟಿನ ವಿಷಯ. ಆನ್‌ಲೈನ್‌ನಲ್ಲಿ ಐನೂರು ಚಿಲ್ಲರೆ ರೂಪಾಯಿಗೆ ಒಂದು ಡಬ್ಬ ಬರುತ್ತೆ. ಒಳಗೆ ಇಟ್ಟಿಗೆ ಗಾತ್ರದ ಒಂದು ಜಿಪ್ಸಂ ಗಟ್ಟಿ, ಪುಟ್ಟ ಸುತ್ತಿಗೆ, ಪ್ಲಾಸ್ಟಿಕ್ ಉಳಿ, ಒಂದು ಬ್ರಶ್. ಗಟ್ಟಿಯನ್ನ ಕೆರೀತಾ ಹೋದ್ರೆ ಒಳಗಿಂದ ಪ್ಲಾಸ್ಟಿಕ್ ಮೂಳೆಗಳು ಸಿಗ್ತವೆ, ಜೋಡಿಸಿದ್ರೆ ಟಿ. ರೆಕ್ಸ್. ನನ್ನ ಅಕ್ಕನ ಮಗನಿಗೆ ತರಿಸಿದ್ದೆ. ಊರಿಂದ ಬಂದಿದ್ದ ಅವ್ವ ಡಬ್ಬ ಬಿಚ್ಚೋದನ್ನ ನೋಡಿ, "ಇದೇನ್ಲಾ ಮಗ, ದುಡ್ ಕೊಟ್ಟು ಮಣ್ ತಗಂಡ್ಯಾ?" ಅಂದ್ರು. ಆ ಒಂದು ವಾಕ್ಯದ ವಿಮರ್ಶೆಗೆ ನಾನು ಸೇರಿಸೋದು ಬಹಳ ಇಲ್ಲ, ಆದರೂ ಕಿಟ್ಟಿಗೆ ನ್ಯಾಯ ಸಲ್ಲಬೇಕಲ್ಲ. ಅದರಲ್ಲಿ ಒಂದು ಒಳ್ಳೇ ಗುಣ ಇದೆ: ಟ್ಯಾಬ್ ಬಿಟ್ಟು ಅರ್ಧ ಗಂಟೆ ಕೂರದ ಹುಡುಗ ಎರಡೂವರೆ ಗಂಟೆ ಕೂತು ಕೆರೆದ.

ಕೊರತೆ ಇರೋದು ಕಥೆಯಲ್ಲಿ. ಒಳಗೆ ಏನಿದೆ ಅಂತ ಡಬ್ಬದ ಮೇಲೇ ಬಣ್ಣಬಣ್ಣದಲ್ಲಿ ಅಚ್ಚು ಹಾಕಿರ್ತಾರೆ. ಪತ್ತೇದಾರಿ ಸಿನಿಮಾದ ಪೋಸ್ಟರಿನಲ್ಲೇ ಕೊಲೆಗಾರನ ಫೋಟೋ ಹಾಕಿದ ಹಾಗೆ. ಮೂಳೆಗಳು ಒಂದೂ ಕಮ್ಮಿ ಇಲ್ಲ, ಒಂದೂ ಮುರಿದಿಲ್ಲ, ಒಂದೂ ಬೇರೆ ಪ್ರಾಣಿಯದ್ದಲ್ಲ. ನಿಜವಾದ ಉತ್ಖನನದಲ್ಲಿ ಇದೆಲ್ಲ ಉಲ್ಟಾ. ಸಿಗೋದು ಚೂರು. ಅದು ಮೂಳೆಯೋ ಕಲ್ಲೋ ಅನ್ನೋದೇ ಮೊದಲ ಪ್ರಶ್ನೆ, ಯಾರದ್ದು ಅನ್ನೋದು ಎರಡನೇ ಪ್ರಶ್ನೆ. ಇನ್ನೊಂದು ತಮಾಷೆ ಏನಂದ್ರೆ, ಪ್ಲಾಸ್ಟರ್ ಆಫ್ ಪ್ಯಾರಿಸ್ಸಿಗೆ ಪಳೆಯುಳಿಕೆ ಶಾಸ್ತ್ರದಲ್ಲಿ ನಿಜವಾಗಲೂ ಒಂದು ಕೆಲಸ ಇದೆ. ನೆಲದಲ್ಲಿ ಸಿಕ್ಕ ಮೂಳೆ ಸಾಗಿಸುವಾಗ ಪುಡಿಯಾಗಬಾರದು ಅಂತ, ಗೋಣಿ ಬಟ್ಟೆಯನ್ನ ಪ್ಲಾಸ್ಟರ್‌ನಲ್ಲಿ ಅದ್ದಿ ಸುತ್ತಮುತ್ತ ಕಟ್ತಾರೆ, ಕೈ ಮುರಿದವರಿಗೆ ಕಟ್ಟೋ ಹಾಗೆ. ಅಂದ್ರೆ ಅಲ್ಲಿ ಪ್ಲಾಸ್ಟರ್ ಬರೋದು ಮೂಳೆಯನ್ನ ಕಾಪಾಡೋಕೆ. ಕಿಟ್ಟಿನಲ್ಲಿ ಒಡೆದು ಕಸದ ಬುಟ್ಟಿಗೆ ಹಾಕೋಕೆ. ಒಂದು ಚಿಂದಿ ಗೋಣಿ ಬಟ್ಟೆಯನ್ನೂ ಡಬ್ಬದಲ್ಲಿ ಇಟ್ಟಿದ್ದಿದ್ರೆ ಅದೇ ಐನೂರು ರೂಪಾಯಿಗೆ ಎಷ್ಟು ಒಳ್ಳೇ ಆಟ ಆಗ್ತಿತ್ತು!

ಎರಡನೇ ಬಗೆ, ಹಿಟ್ಟಿನ ಮೇಲೆ ಡೈನೋಸಾರ್ ಬೊಂಬೆ ಒತ್ತೋದು. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಸುಮಾರು ಒಂದು ಲೋಟ ನೀರು. ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ. ಖರ್ಚಿಲ್ಲ, ಸುಡೋದಿಲ್ಲ, ಮಗು ಬಾಯಿಗೆ ಹಾಕಿದ್ರೂ ಉಪ್ಪು ಅಂತ ತಾನೇ ಉಗುಳುತ್ತೆ. ಸಾಮಾನಿನ ದೃಷ್ಟಿಯಿಂದ ಕಿಟ್ಟಿಗಿಂತ ಸಾವಿರ ಪಾಲು ಮೇಲು. ಆದರೆ ಬೊಂಬೆಯನ್ನ ಮಗ್ಗುಲಾಗಿ ಮಲಗಿಸಿ ಇಡೀ ಮೈಯನ್ನ ಒತ್ತಿದಾಗ ಬರೋ ಗುರುತು ಇದೆಯಲ್ಲ, ಅಂಥದ್ದು ನೆಲದಲ್ಲಿ ಸಿಗೋದಿಲ್ಲ. ಸತ್ತ ಪ್ರಾಣಿಯ ಮಾಂಸ ಕೊಳೆಯುತ್ತೆ, ನರಿ ತೋಳ ಎಳೆದಾಡ್ತವೆ, ಮೂಳೆ ಚೆಲ್ಲಾಪಿಲ್ಲಿ ಆಗುತ್ತೆ. ತುಂಬು ಮೈ, ತೆರೆದ ಬಾಯಿ, ಎತ್ತಿದ ಬಾಲದ ಸಮೇತ ಕೂತ ಗುರುತು ಅದು ಬೊಂಬೆಯ ಪಳೆಯುಳಿಕೆ. ಹೊಟ್ಟೆಯ ಜಾಗದಲ್ಲಿ ಬೊಂಬೆ ತಯಾರಾದ ದೇಶದ ಹೆಸರೂ ಕೆಲವು ಸಲ ಮೂಡಿರುತ್ತೆ. ಒಂದು ರೀತಿಯಲ್ಲಿ ಅಷ್ಟು ಪ್ರಾಮಾಣಿಕ ಕೃತಿ ಇನ್ನೊಂದಿಲ್ಲ!

ಆದರೆ ಅದೇ ಹಿಟ್ಟು, ಅದೇ ಬೊಂಬೆ, ಮಲಗಿಸೋ ಬದಲು ನಡೆಸಿ ನೋಡಿ. ಬರೀ ಪಾದ ಒತ್ತುತ್ತಾ ಈ ತುದಿಯಿಂದ ಆ ತುದಿಗೆ. ಈಗ ಸಿಕ್ಕಿದ್ದು ಹೆಜ್ಜೆ ಗುರುತು. ಇದು ನಿಜವಾದ ಪಳೆಯುಳಿಕೆಯ ಒಂದು ಬಗೆ, ಜಗತ್ತಿನ ಎಷ್ಟೋ ಕಡೆ ಕಲ್ಲಾದ ಕೆಸರಿನಲ್ಲಿ ಡೈನೋಸಾರ್ ಹೆಜ್ಜೆಗಳ ಸಾಲೇ ಸಿಕ್ಕಿದೆ. 1976ರಲ್ಲಿ ಮೆಕ್‌ನೀಲ್ ಅಲೆಕ್ಸಾಂಡರ್ ಅನ್ನೋ ಬ್ರಿಟನ್ನಿನ ಪ್ರಾಣಿಶಾಸ್ತ್ರಜ್ಞ, ಹೆಜ್ಜೆಗೂ ಹೆಜ್ಜೆಗೂ ಇರೋ ಅಂತರ ಮತ್ತು ಸೊಂಟದ ಎತ್ತರ ಗೊತ್ತಿದ್ರೆ ಆ ಪ್ರಾಣಿ ಎಷ್ಟು ವೇಗದಲ್ಲಿ ಹೋಗ್ತಿತ್ತು ಅಂತ ಅಂದಾಜು ಮಾಡೋ ಸೂತ್ರ ಕೊಟ್ಟ. ನಮ್ಮೂರಲ್ಲಿ ತಪ್ಪಿಸಿಕೊಂಡ ಎಮ್ಮೆ ಹುಡುಕೋಕೆ ಹೋಗೋರು ಸೂತ್ರ ಇಲ್ಲದೇ ಇದನ್ನ ಮಾಡ್ತಿದ್ರು. ಗೊರಸು ಎಷ್ಟು ಆಳ ಇಳಿದಿದೆ, ಅಂಚು ಒಣಗಿದೆಯೋ ಹಸಿ ಇದೆಯೋ, ಒಂದು ಕಾಲು ಎಳೆದಿದೆಯೋ ಅಂತ ನೋಡಿ, "ಬೆಳಕರಿಯೋ ಮುಂಚೆ ಹೋಗದೆ, ಕುಂಟ್ಕಂಡ್ ಹೋಗದೆ" ಅನ್ನೋರು. ಕೆರೆ ಬತ್ತಿದ ಬೇಸಿಗೆಯಲ್ಲಿ ಆ ಗೊರಸಿನ ಗುರುತು ಇಟ್ಟಿಗೆ ಹಾಗೆ ಗಟ್ಟಿಯಾಗಿರುತ್ತೆ. ಮೊದಲ ಮಳೆ ಮೆಲ್ಲಗೆ ಬಂದು ಅದರ ಮೇಲೆ ಗೋಡು ಹರಡಿದ್ರೆ, ಪಳೆಯುಳಿಕೆಯ ಮೊದಲ ಮೆಟ್ಟಿಲು ಮುಗೀತು. ಜೋರು ಮಳೆ ಬಂದ್ರೆ ಎಲ್ಲ ಅಳಿಸಿಹೋಗುತ್ತೆ. ನೂರಕ್ಕೆ ತೊಂಬತ್ತೊಂಬತ್ತು ಸಲ ಆಗೋದು ಎರಡನೇದೇ.

ಹಾಗಾಗಿ ಈ ಬಗೆಗೆ ನನ್ನ ತೀರ್ಪು: ಸಾಮಾನು ಸರಿ, ಬೊಂಬೆಯೂ ಸರಿ, ಒತ್ತೋ ರೀತಿ ತಪ್ಪು. ಪಕ್ಕದ ಮನೆಯ ಎರಡನೇ ಕ್ಲಾಸ್ ಹುಡುಗ ಬೊಂಬೆ ಕೈಗೆ ಸಿಗದೇ ತನ್ನ ಮನೆ ಬೆಕ್ಕಿನ ಕಾಲು ಹಿಡಿದು ಹಿಟ್ಟಿಗೆ ಒತ್ತಿದ್ದ. ಬೆಕ್ಕು ಎರಡು ಹೆಜ್ಜೆಗೆ ಓಡಿಹೋಗಿತ್ತು, ಎರಡನೇದು ಉದ್ದಕ್ಕೆ ಜಾರಿತ್ತು, ಉಗುರು ಗೀರಿದ ಗುರುತಿತ್ತು. ಈ ಸಲ ನಮ್ಮ ಬೀದಿಯಲ್ಲಿ ನಾನು ನೋಡಿದ ಅತ್ಯುತ್ತಮ ಕೃತಿ ಅದು. ಅದನ್ನ ನೋಡಿದವರು ಒಂದು ಘಟನೆಯನ್ನೇ ಓದಬಹುದು.

ಮೂರನೇ ಬಗೆ ಅಚ್ಚು ಮತ್ತು ಎರಕದ್ದು. ಜೇಡಿಮಣ್ಣಿನ ಮೇಲೆ ಶಂಖವನ್ನೋ ಎಲೆಯನ್ನೋ ಒತ್ತಿ ತೆಗೆಯೋದು, ಆ ಕುಳಿಗೆ ಪಿಒಪಿ ಸುರಿಯೋದು, ಒಣಗಿದ ಮೇಲೆ ಮಣ್ಣು ಬಿಡಿಸೋದು. ಇದರಲ್ಲಿ ಎರಡು ಹಂತ ಇರೋದ್ರಿಂದ ಬಹಳ ಜನ ಇದನ್ನ ಬಿಟ್ಟುಬಿಡ್ತಾರೆ. ಆದರೆ ಪಳೆಯುಳಿಕೆ ಅಂದ್ರೇನು ಅಂತ ಅರ್ಥ ಆಗೋದು ಇಲ್ಲೇ. ಕೆಸರಿನಲ್ಲಿ ಹೂತ ಚಿಪ್ಪು ಕಾಲಕ್ರಮದಲ್ಲಿ ಕರಗಿಹೋಗುತ್ತೆ. ಸುತ್ತ ಗಟ್ಟಿಯಾದ ಕಲ್ಲಿನಲ್ಲಿ ಅದರ ಆಕಾರದ ಟೊಳ್ಳು ಉಳಿಯುತ್ತೆ, ಅದು ಅಚ್ಚು. ಆ ಟೊಳ್ಳಿಗೆ ನೀರಿನ ಜೊತೆ ಬಂದ ಖನಿಜ ತುಂಬಿ ಗಟ್ಟಿಯಾದ್ರೆ ಅದು ಎರಕ. ಚಿಪ್ಪು ಇಲ್ಲವೇ ಇಲ್ಲ, ಆದರೆ ಅದರ ಗೆರೆಗೆರೆಯೂ ಇದೆ.

ಮೈಸೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾದ್ದೇ ಇಲ್ಲ. ಸಂಕ್ರಾಂತಿಯ ಸಕ್ಕರೆ ಅಚ್ಚು ಮಾಡಿದ ಮನೆಯವರೆಲ್ಲ ಇದನ್ನ ಬಲ್ಲರು. ಮರದ ಅಚ್ಚನ್ನ ನೀರಲ್ಲಿ ನೆನೆಸಿ, ಎರಡು ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ, ಬಿಸಿ ಪಾಕ ಹುಯ್ದು, ಆರಿದ ಮೇಲೆ ಬಿಚ್ಚಿದ್ರೆ ಗಿಳಿ, ಆನೆ, ತೇರು, ಬೃಂದಾವನ. ಮರದೊಳಗೆ ಗಿಳಿ ಇರಲಿಲ್ಲ, ಗಿಳಿಯ ಟೊಳ್ಳು ಇತ್ತು. ಅಲ್ಲೇ ಇನ್ನೂ ಎರಡು ಪಾಠ ಇವೆ. ಪಾಕ ಮಂದವಾದ್ರೆ ಕೊಕ್ಕಿನ ಮೂಲೆಗೆ ಇಳಿಯೋದಿಲ್ಲ, ಗಿಳಿ ಮೊಂಡುಕೊಕ್ಕಿನದ್ದಾಗುತ್ತೆ. ಅಂದ್ರೆ ಕಾಣದೇ ಇರೋದೆಲ್ಲ ಇರಲೇ ಇಲ್ಲ ಅಂತ ಅಲ್ಲ, ಎರಕ ಅಲ್ಲಿ ತಲುಪಿಲ್ಲ ಅಷ್ಟೇ. ಮತ್ತೆ, ಎರಡು ಹೋಳು ಕೂಡುವ ಕಡೆ ಒಂದು ಸಣ್ಣ ಏಣು ನಿಲ್ಲುತ್ತೆ. ಅದು ಗಿಳಿಯದ್ದಲ್ಲ, ಅಚ್ಚಿನದ್ದು. ಒಂದು ವಸ್ತುವಿನಲ್ಲಿ ಯಾವ ಗುರುತು ಮೂಲದ್ದು, ಯಾವುದು ಅದು ತಯಾರಾದ ರೀತಿಯದ್ದು ಅಂತ ಬೇರೆ ಮಾಡೋ ಕಣ್ಣು ಇದೆಯಲ್ಲ, ಪಳೆಯುಳಿಕೆ ಶಾಸ್ತ್ರದ ಅರ್ಧ ಅದೇ. ಸಾಫ್ಟ್‌ವೇರ್‌ನಲ್ಲಿ ಬಗ್ ಹುಡುಕೋದರ ಅರ್ಧವೂ ಅದೇ: ತಪ್ಪು ಡೇಟಾದಲ್ಲಿದೆಯೋ, ಡೇಟಾ ತಂದ ಪೈಪ್‌ಲೈನಿನಲ್ಲಿದೆಯೋ?

ಒಂದು ಎಚ್ಚರಿಕೆ. ಪಿಒಪಿ ನೀರು ಸೇರಿ ಗಟ್ಟಿಯಾಗುವಾಗ ಬಿಸಿಯಾಗುತ್ತೆ, ದಪ್ಪಗೆ ಹಾಕಿದ್ರೆ ಚರ್ಮ ಸುಡುವಷ್ಟು. ಮಗುವಿನ ಕೈಯ ಅಚ್ಚು ತೆಗೀತೀನಿ ಅಂತ ಕೈಯನ್ನೇ ಪಿಒಪಿಯಲ್ಲಿ ಮುಳುಗಿಸಬೇಡಿ. ಕೈಯನ್ನ ಜೇಡಿಮಣ್ಣಿಗೆ ಒತ್ತಿ, ಪಿಒಪಿಯನ್ನ ಆ ಕುಳಿಗೆ ಹುಯ್ಯಿರಿ. ಉಳಿದದ್ದನ್ನ ಸಿಂಕಿಗೆ ಚೆಲ್ಲಿದ್ರೆ ಪೈಪಿನೊಳಗೇ ಒಂದು ಎರಕ ತಯಾರಾಗುತ್ತೆ, ಪ್ಲಂಬರ್ ಬಂದು ಉತ್ಖನನ ಮಾಡಬೇಕಾಗುತ್ತೆ.

ಬಣ್ಣದ ಬಗ್ಗೆಯೂ ಒಂದು ಮಾತು. ಎಲ್ಲರೂ ಡಿಕಾಕ್ಷನ್ ಬಳೀತಾರೆ, ಇಲ್ಲಾ ಫಿಲ್ಟರ್‌ನಲ್ಲಿ ಉಳಿದ ಪುಡಿಯನ್ನೇ ಹಿಟ್ಟಿಗೆ ಕಲಸ್ತಾರೆ. ಹಳೇದು ಅಂದ್ರೆ ಕಂದು, ಅನ್ನೋ ನಂಬಿಕೆ ನಮಗೆ ಹಳೇ ಕಾಗದ, ಹಳೇ ಫೋಟೋದಿಂದ ಬಂದಿದ್ದು. ಪಳೆಯುಳಿಕೆಗೆ ಬಣ್ಣ ಬರೋದು ವಯಸ್ಸಿನಿಂದ ಅಲ್ಲ, ಅದರೊಳಗೆ ಸೇರಿದ ಖನಿಜದಿಂದ. ಕಬ್ಬಿಣ ಇದ್ದ ಕಡೆ ಕೆಂಪು, ಇಂಗಾಲ ಇದ್ದ ಕಡೆ ಕಪ್ಪು, ಸುಣ್ಣದ ಕಡೆ ಬಿಳಿ. ಹಾಗಾಗಿ ಡಿಕಾಕ್ಷನ್ ಬದಲು ನಿಮ್ಮ ಊರಿನ ಕೆಮ್ಮಣ್ಣನ್ನೇ ಸ್ವಲ್ಪ ಜರಡಿ ಹಿಡಿದು ಹಿಟ್ಟಿಗೆ ಹಾಕಿ. ಕಾಫಿಯನ್ನ ಕುಡಿಯಿರಿ.

ಈಗ ಎಲ್ಲಕ್ಕಿಂತ ದೊಡ್ಡ ತಕರಾರು. ಈ ಕಲೆಯ ಪಾತ್ರಧಾರಿಗಳೆಲ್ಲ ಯಾಕೆ ಹೊರಗಿನವರು? ಟಿ. ರೆಕ್ಸ್ ಬದುಕಿದ್ದು ಉತ್ತರ ಅಮೆರಿಕದ ಪಶ್ಚಿಮ ಭಾಗದಲ್ಲಿ. ನಮ್ಮ ದೇಶದಲ್ಲೇ ಡೈನೋಸಾರ್‌ಗಳಿದ್ದವು ಅನ್ನೋದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. 1828ರಲ್ಲೇ ಜಬಲ್ಪುರದಲ್ಲಿ ಸ್ಲೀಮನ್ ಎಂಬ ಬ್ರಿಟಿಷ್ ಅಧಿಕಾರಿಗೆ ದೊಡ್ಡ ಮೂಳೆಗಳು ಸಿಕ್ಕಿದ್ದವು, ಆಗ ಡೈನೋಸಾರ್ ಅನ್ನೋ ಪದವೇ ಹುಟ್ಟಿರಲಿಲ್ಲ. ಗುಜರಾತಿನ ರಾಹಿಯೋಲಿಯಲ್ಲಿ ಸಿಕ್ಕ ಮಾಂಸಾಹಾರಿಗೆ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್ ಅಂತ ಹೆಸರಿಟ್ಟರು, ತಲೆ ಮೇಲೆ ಒಂದು ಕೋಡಿನಂಥ ಗುಬುಟು ಇತ್ತು. ಪಕ್ಕದ ತಮಿಳುನಾಡಿನ ಅರಿಯಲೂರು ಕಡೆ ಹಳೇ ಸಮುದ್ರದ ಅಮೋನೈಟ್‌ಗಳು ಸಿಗ್ತವೆ, ಸಾತನೂರಿನಲ್ಲಿ 18 ಮೀಟರ್ ಉದ್ದದ ಕಲ್ಲಾದ ಮರದ ದಿಮ್ಮಿಯೇ ಮಲಗಿದೆ. ಇವುಗಳ ಬೊಂಬೆ ಯಾವ ಅಂಗಡಿಯಲ್ಲೂ ನನಗೆ ಕಂಡಿಲ್ಲ.

ಹಾಗಾದ್ರೆ ಮೈಸೂರಿನಲ್ಲಿ? ಸರಸ್ವತಿಪುರಂನ ಯಾವ ತಾರಸಿ ಹತ್ತಿದ್ರೂ ಕಾಣೋ ಚಾಮುಂಡಿ ಬೆಟ್ಟದಲ್ಲಿ ಡೈನೋಸಾರ್ ಹುಡುಕೋದು ವ್ಯರ್ಥ. ಅದು ಭೂಮಿಯೊಳಗೆ ಕರಗಿದ್ದು ಆರಿ ಗಟ್ಟಿಯಾದ ಗ್ರಾನೈಟು, ಅದರಲ್ಲಿ ಪಳೆಯುಳಿಕೆ ಕೂರೋಕೆ ಜಾಗವಿಲ್ಲ. ಮೇಲಾಗಿ ಅದರ ವಯಸ್ಸು ಸುಮಾರು 80 ಕೋಟಿ ವರ್ಷ. ಚಿಪ್ಪು, ಮೂಳೆ ಇರೋ ಪ್ರಾಣಿಗಳು ಹುಟ್ಟೋಕೆ ಆಗ ಇನ್ನೂ ಇಪ್ಪತ್ತೈದು ಕೋಟಿ ವರ್ಷ ಬಾಕಿ ಇತ್ತು. "ಅಯ್ಯೋ, ನಮ್ಮಲ್ಲಿ ಏನೂ ಇಲ್ವಾ?" ಅಂತ ಮಗು ಮುಖ ಸಣ್ಣಗೆ ಮಾಡಿದ್ರೆ, ಚಿತ್ರದುರ್ಗದ ಕಡೆ ಕೈ ತೋರಿಸಿ. ಅಲ್ಲಿನ, ತುಮಕೂರು ಶಿವಮೊಗ್ಗ ಜಿಲ್ಲೆಗಳ ಕೆಲವು ಸುಣ್ಣದಕಲ್ಲು ಮತ್ತು ಡಾಲಮೈಟ್ ಪದರಗಳಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ, 250 ಕೋಟಿ ವರ್ಷಕ್ಕೂ ಹಿಂದಿನವು. ಬಾವಿಯ ಮೆಟ್ಟಿಲ ಮೇಲೆ ಜಾರುವ ಪಾಚಿ ಇರುತ್ತಲ್ಲ, ಆ ಬಗೆಯ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಹಾಸಿಗೆ ಹಾಗೆ ಹರಡಿ, ಮೇಲೆ ಕೂತ ಗೋಡನ್ನ ಹಿಡಿದು, ಮತ್ತೆ ಬೆಳಕಿಗೆ ಮೇಲೆ ಬಂದು, ಮತ್ತೆ ಗೋಡು ಕೂತು, ಹೀಗೆ ಪದರದ ಮೇಲೆ ಪದರ ಕಟ್ಟಿದ ಗುಬುಟುಗಳು. ಅಡ್ಡ ಕೊಯ್ದ ಈರುಳ್ಳಿ ಹಾಗೆ ಕಾಣುತ್ತೆ. ನಾವು ಉಸಿರಾಡೋ ಆಮ್ಲಜನಕ ಗಾಳಿಗೆ ಸೇರಿದ್ದು ಇಂಥ ಸೂಕ್ಷ್ಮಜೀವಿಗಳ ದುಡಿಮೆಯಿಂದ. ಈಗಲೂ ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವು ಬೆಳೀತಿವೆ.

ಇದನ್ನ ಯಾವ ಕಿಟ್ಟಿನವರೂ ಮಾಡಿಲ್ಲ, ಯಾಕಂದ್ರೆ ಇದಕ್ಕೆ ಹಲ್ಲಿಲ್ಲ, ಬಾಲ ಇಲ್ಲ, ಇದರ ಮೇಲೆ ಹಾಲಿವುಡ್ ಸಿನಿಮಾ ಬಂದಿಲ್ಲ. ಆದರೆ ಮಾಡೋದು ಬಹಳ ಸುಲಭ. ಒಂದು ಉಂಡೆ ಮೈದಾ-ಉಪ್ಪಿನ ಹಿಟ್ಟು, ಒಂದು ಉಂಡೆ ರಾಗಿ-ಉಪ್ಪಿನ ಹಿಟ್ಟು. ಹಲಗೆ ಮೇಲೆ ಒಂದು ಗೋಲಿ ಗಾತ್ರದ ಗುಬುಟು ಮಾಡಿ, ಅದರ ಮೇಲೆ ಮೈದಾದ ತೆಳ್ಳಗಿನ ಪದರ, ಅದರ ಮೇಲೆ ರಾಗಿಯದ್ದು, ಮತ್ತೆ ಮೈದಾ, ಮತ್ತೆ ರಾಗಿ. ಹತ್ತು ಹನ್ನೆರಡು ಪದರ ಆದ ಮೇಲೆ ಚಾಕುವಿನಲ್ಲಿ ಮೇಲಿಂದ ಕೆಳಗೆ ಕೊಯ್ದು ತೆರೆದು ನೋಡಿ. ಕಮಾನಿನ ಮೇಲೆ ಕಮಾನು. ಒಂದೊಂದು ಪದರ ಹಾಕುವಾಗಲೂ "ಇಷ್ಟು ದಪ್ಪಕ್ಕೆ ಅವಕ್ಕೆ ಎಷ್ಟು ಕಾಲ ಹಿಡಿದಿರಬಹುದು?" ಅಂತ ಕೇಳಿ. ರಾಗಿ ಮುದ್ದೆಯ ನಾಡಿಗೆ ಇದಕ್ಕಿಂತ ಹತ್ತಿರದ ಪಳೆಯುಳಿಕೆ ಇಲ್ಲ.

ಹತ್ತಿರದ್ದು ಅಂದ್ರೆ ಇನ್ನೊಂದಿದೆ, ಅದು ಮನೆಯೊಳಗೇ ಇದೆ. ಮೈಸೂರಿನ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಸಾಲಿಗ್ರಾಮ ಇರುತ್ತೆ. ನೇಪಾಳದ ಕಾಳಿ ಗಂಡಕಿ ನದಿಯಿಂದ ಬರೋ ಆ ಕಪ್ಪು ಕಲ್ಲಿನೊಳಗಿನ ಚಕ್ರ, ಹಿಮಾಲಯ ಏಳೋ ಮುಂಚೆ ಅಲ್ಲಿದ್ದ ಸಮುದ್ರದ ಅಮೋನೈಟ್ ಬಿಟ್ಟುಹೋದ ಅಚ್ಚು. ಸಂಪ್ರದಾಯ ಹೇಳೋದು ವಜ್ರಕೀಟ ಒಳಗೆ ಕೊರೆದದ್ದು ಅಂತ. ಎರಡು ಕಥೆಯೂ ಒಂದು ವಿಷಯದಲ್ಲಿ ಒಪ್ಪುತ್ತವೆ ನೋಡಿ: ಒಂದು ಜೀವಿ ಇತ್ತು, ಈ ಗುರುತು ಅದರದ್ದು, ಮನುಷ್ಯನ ಕೈ ಇದರಲ್ಲಿ ಇಲ್ಲ. ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಡ ಅನ್ನೋದೂ ಅದು ತಾನಾಗಿ ಆದದ್ದು ಅನ್ನೋ ಕಾರಣಕ್ಕೇ. ಹಾಗಾಗಿ ಚಕ್ರವನ್ನ ಉಳಿಯಲ್ಲಿ ಕೆತ್ತಿಯೋ, ಕಲ್ಲಿನ ಪುಡಿಗೆ ಅಂಟು ಸೇರಿಸಿ ಎರಕ ಹುಯ್ದೋ ಮಾಡಿದ್ದನ್ನ ಅಸಲಿ ಅಂತ ಮಾರುವವರು ಒಂದೇ ಏಟಿಗೆ ಇಬ್ಬರಿಗೆ ಮೋಸ ಮಾಡ್ತಾರೆ, ಪೂಜೆ ಮಾಡುವವರಿಗೂ, ಅಧ್ಯಯನ ಮಾಡುವವರಿಗೂ. ಕುಸುರಿ ಎಷ್ಟು ಚೆನ್ನಾಗಿದ್ರೂ ಅದು ಕೆಟ್ಟ ಕೃತಿ. ತಾರಸಿ ಮೇಲಿನ ಮೈದಾ ಶಂಖ ಎಷ್ಟು ಸೊಟ್ಟಗಿದ್ರೂ ಒಳ್ಳೇ ಕೃತಿ. ವ್ಯತ್ಯಾಸ ಇರೋದು ಅದರ ಬಗ್ಗೆ ಹೇಳೋ ಮಾತಿನಲ್ಲಿ.

ಆ ಮಾತು ಎಷ್ಟು ಮುಖ್ಯ ಅನ್ನೋದಕ್ಕೆ ಮೂರು ಉದಾಹರಣೆ ಕೊಡ್ತೀನಿ.

ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಡಿಪ್ಪಿ ಅನ್ನೋ ಡಿಪ್ಲೊಡೊಕಸ್ ಅಸ್ಥಿಪಂಜರ ಇತ್ತಲ್ಲ, ದಶಕಗಟ್ಟಲೆ ಜನ ಕತ್ತೆತ್ತಿ ನೋಡಿದ್ದು, ಅದು ಪೂರ್ತಿ ಪ್ಲಾಸ್ಟರಿನದ್ದು. 292 ಮೂಳೆಗಳ ಎರಕ. ಅಮೆರಿಕದ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಮಾಡಿಸಿ ಕೊಟ್ಟಿದ್ದು, 1905ರಲ್ಲಿ ಅನಾವರಣ ಆಯ್ತು. ಎರಕ ಅಂತ ಹೇಳಿಯೇ ಇಟ್ಟಿದ್ರು. ಅದನ್ನ ಯಾರೂ ಮೋಸ ಅನ್ನಲಿಲ್ಲ, ಪ್ರೀತಿಯಿಂದ ಅಡ್ಡಹೆಸರು ಇಟ್ಟರು.

ಎರಡನೇದು ನಮ್ಮ ದೇಶದ್ದು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ. ಜೆ. ಗುಪ್ತಾ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ರಾಶಿ ಪ್ರಬಂಧ ಬರೆದಿದ್ರು. ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದನ್ನ ಬಯಲಿಗೆಳೆದರು: ಹಿಮಾಲಯದ್ದು ಅಂದಿದ್ದ ಅಮೋನೈಟ್ ಬಗೆಯ ಪಳೆಯುಳಿಕೆಗಳು ಮೊರಾಕ್ಕೋದಿಂದ ಬಂದು ಅಂಗಡಿಗಳಲ್ಲಿ ಮಾರಾಟವಾಗೋ ಮಾಲಿನ ಥರವೇ ಇದ್ದವು. ಆ ಭಾಗದ ಭೂವಿಜ್ಞಾನದ ದಾಖಲೆಯಲ್ಲಿ ಯಾವುದನ್ನ ನಂಬೋದು, ಯಾವುದನ್ನ ಬಿಡೋದು ಅನ್ನೋ ಗೋಜಲನ್ನ ಬಿಡಿಸೋಕೆ ಉಳಿದವರು ವರ್ಷಗಟ್ಟಲೆ ಹೆಣಗಬೇಕಾಯ್ತು. ಇಲ್ಲಿ ಗಮನಿಸಿ, ಪಳೆಯುಳಿಕೆ ಅಸಲಿ, ಚೀಟಿ ನಕಲಿ.

ಮೂರನೇದು ನಿಮ್ಮ ಫೋನಿಗೂ ಬಂದಿರುತ್ತೆ. ಉತ್ತರ ಭಾರತದ ಮರಳುಗಾಡಿನಲ್ಲಿ ಘಟೋತ್ಕಚನ ಅಸ್ಥಿಪಂಜರ ಸಿಕ್ಕಿದೆ ಅನ್ನೋ ಫೋಟೋ. ಒಂದು ದೊಡ್ಡ ತಲೆಬುರುಡೆ, ಪಕ್ಕದಲ್ಲಿ ಇರುವೆ ಹಾಗೆ ನಿಂತ ಮನುಷ್ಯ. ಅದನ್ನ 2002ರಲ್ಲಿ ಒಬ್ಬ ಕಲಾವಿದ ಫೋಟೋ ತಿದ್ದೋ ಸ್ಪರ್ಧೆಗೆ ಅಂತ ಮಾಡಿದ್ದ, ನಕಲಿ ಪುರಾತತ್ವ ಸೃಷ್ಟಿ ಮಾಡೋದೇ ಆ ಸ್ಪರ್ಧೆಯ ವಿಷಯ. ಮೂಲ ಚಿತ್ರ ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್‌ನಲ್ಲಿ 2000ದಲ್ಲಿ ನಡೆದ ಮ್ಯಾಸ್ಟೊಡಾನ್ ಉತ್ಖನನದ್ದು. ಆತ ಯಾರಿಗೂ ಮೋಸ ಮಾಡಿರಲಿಲ್ಲ, ನಮ್ಮ ಮಕ್ಕಳ ಹಾಗೆಯೇ ಒಂದು ಕರಕುಶಲ ಮಾಡಿದ್ದ. ಮುಂದೆ ಸಾಗುವಾಗ ಚೀಟಿ ಉದುರಿಹೋಯ್ತು. ಕರಕುಶಲ ಸುದ್ದಿಯಾಯ್ತು. ನನ್ನ ಕಾಲೇಜ್ ಗ್ರೂಪಿನಲ್ಲಿ ಅದನ್ನ ಕಳಿಸಿದವರೆಲ್ಲ ಬಿಇ ಓದಿದವರೇ.

ನಮ್ಮ ಕೆಲಸದಲ್ಲಿ ಇದು ಎಲ್ಲರಿಗೂ ಗೊತ್ತಿರೋ ವಿಷಯ. ಟೆಸ್ಟ್ ಡೇಟಾ ಅಂತ ಸುಳ್ಳು ಹೆಸರು, ಸುಳ್ಳು ವಿಳಾಸ, ಸುಳ್ಳು ಮೊತ್ತ ಹಾಕಿ ಸಾವಿರಾರು ಸಾಲು ಮಾಡ್ತೀವಿ. ಅದು ಇಲ್ಲದೇ ಕೆಲಸ ನಡೆಯೋದಿಲ್ಲ. ಆದರೆ ಅದರ ಮೇಲೆ ಟೆಸ್ಟ್ ಅಂತ ಬರೆದಿರಬೇಕು. ಒಂದೇ ಒಂದು ಸಾಲು ಗುರುತಿಲ್ಲದೇ ಪ್ರೊಡಕ್ಷನ್‌ಗೆ ನುಗ್ಗಿದ್ರೆ, ಆಮೇಲೆ ಇಡೀ ಟೇಬಲ್ಲಿನಲ್ಲಿ ಯಾವುದು ನಿಜ ಅನ್ನೋ ಅನುಮಾನ ಶುರುವಾಗುತ್ತೆ. ನಕಲಿ ಒಂದೇ, ಆದರೆ ಕಳೆದುಹೋಗೋದು ಅಸಲಿಯ ಮೇಲಿನ ನಂಬಿಕೆ.

ಹಾಗಂತ ತಪ್ಪೇ ಆಗಬಾರದು ಅಂತ ಹೇಳ್ತಿಲ್ಲ. 2021ರಲ್ಲಿ ಭೀಮಬೇಟ್ಕಾ ಗುಹೆಯ ಚಾವಣಿಯಲ್ಲಿ ಡಿಕಿನ್ಸೋನಿಯಾ ಎಂಬ ಬಹಳ ಪ್ರಾಚೀನ ಜೀವಿಯ ಗುರುತು ಸಿಕ್ಕಿದೆ ಅಂತ ಪ್ರಬಂಧ ಬಂತು, ದೊಡ್ಡ ಸುದ್ದಿಯೂ ಆಯ್ತು. 2023ರ ಹೊತ್ತಿಗೆ ಬೇರೆ ತಂಡ ಹೋಗಿ ನೋಡಿದಾಗ ಅದು ಬಂಡೆಗೆ ಅಂಟಿದ್ದ ಹೆಜ್ಜೇನು ಹುಟ್ಟಿನ ಅವಶೇಷ, ಕಾಲ ಕಳೆದು ಉದುರ್ತಾ ಇತ್ತು. ಬಂಡೆಗೆ ಹೆಜ್ಜೇನು ಕಟ್ಟಿ ಬಿಟ್ಟುಹೋದ ಮೇಲೆ ಉಳಿಯೋ ಗುರುತನ್ನ ನಮ್ಮೂರಿನ ಯಾವ ದನ ಕಾಯೋ ಹುಡುಗನೂ ಬಲ್ಲ. ಆದರೆ ಮೊದಲ ತಂಡದವರು ಎಲ್ಲಿ, ಏನು ನೋಡಿದ್ವಿ ಅಂತ ಫೋಟೋ ಸಮೇತ ಬರೆದಿದ್ರಿಂದಲೇ ಎರಡನೇ ತಂಡ ಹೋಗಿ ಪರೀಕ್ಷಿಸೋಕೆ ಆಯ್ತು. ಮೊದಲ ಲೇಖಕರೂ ಅದನ್ನ ಒಪ್ಪಿಕೊಂಡರು. ಚೀಟಿ ಸರಿ ಇದ್ದ ಕಡೆ ತಪ್ಪು ಎರಡು ವರ್ಷದಲ್ಲಿ ತಿದ್ದಿಕೊಳ್ತು.

ಇಷ್ಟೆಲ್ಲ ಆದ ಮೇಲೆ ಮಕ್ಕಳ ಬಗ್ಗೆ ನನಗೆ ಭಯ ಇಲ್ಲ, ಯಾಕಂದ್ರೆ ನಕಲು ಮಾಡಿದ ಖುಷಿಯ ಅರ್ಧ ಅದನ್ನ ಹೇಳೋದರಲ್ಲಿದೆ ಅಂತ ಅವರಿಗೆ ಗೊತ್ತು. ಎದುರು ಮನೆ ಹುಡುಗಿ ಅರಳಿ ಎಲೆಯ ಅಚ್ಚು ತಂದು ತೋರಿಸಿದಳು. ನರನರವೂ ಮೂಡಿತ್ತು, ಹುಳ ತಿಂದ ತೂತು ಕೂಡ ಇತ್ತು.

"ಅಂಕಲ್, ಇದು ಎಷ್ಟು ವರ್ಷ ಹಳೇದು ಹೇಳಿ ನೋಡೋಣ?"

"ಆರು ಕೋಟಿ?"

"ಅಲ್ಲ! ನಿನ್ನೆ ಮಧ್ಯಾಹ್ನ!"

ಅವಳು ಬಿದ್ದು ಬಿದ್ದು ನಕ್ಕಳು. "ತೂತಿಲ್ಲದ ಎಲೆ ಸಿಗಲಿಲ್ವಾ?" ಅಂತ ಕೇಳಿದ್ರೆ, "ಹುಳಾನೂ ಇತ್ತು ಅಂತ ಗೊತ್ತಾಗ್ಲಿ ಅಂತ" ಅಂದಳು. ನಿಜವಾದ ಎಲೆ ಪಳೆಯುಳಿಕೆಗಳಲ್ಲಿ ಕೀಟ ತಿಂದ ಗುರುತನ್ನ ಎಣಿಸಿ ಆ ಕಾಲದ ಕೀಟಗಳ ಬಗ್ಗೆ ತಿಳಿಯೋದು ದೊಡ್ಡ ಅಧ್ಯಯನವೇ ಇದೆ. ಅವಳಿಗೆ ಅದು ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಈಗಲೇ ಇಲ್ಲ.

ದೊಡ್ಡವರಿಗೆ ಮಾತ್ರ ಒಂದು ಕೋರಿಕೆ. ಮುಂದಿನ ರಜೆಗೆ ಕಿಟ್ ತರಿಸೋ ಬದಲು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಹೋಗಿ, ಉದುರಿದ ಎಲೆ, ಕಾಯಿ, ಪುಕ್ಕ ಆಯ್ದುಕೊಳ್ಳಿ. ಒತ್ತಿ, ಎರಕ ಹುಯ್ಯಿರಿ. ಹಿಂಭಾಗ ಇನ್ನೂ ಹಸಿ ಇರುವಾಗಲೇ ಕಡ್ಡಿಯಲ್ಲಿ ನಾಲ್ಕು ವಿಷಯ ಮಗುವಿನ ಕೈಯಲ್ಲೇ ಕೊರೆಸಿ: ಏನು ಒತ್ತಿದ್ದು, ಎಲ್ಲಿ ಸಿಕ್ಕಿದ್ದು, ಯಾವತ್ತು ಮಾಡಿದ್ದು, ಮಾಡಿದವರ ಹೆಸರು. ಕಾಗದದ ಚೀಟಿ ಅಂಟಿಸಬೇಡಿ, ಅದು ಉದುರುತ್ತೆ. ಫೋಟೋ ಹಾಕೋದಾದ್ರೆ ಎರಡು ಹಾಕಿ, ಮುಂದಿನದ್ದೊಂದು, ಹಿಂದಿನದ್ದೊಂದು.